ಗಾಣದ ಹಿಂಡಿಯಿಂದ ಪ್ರೋಟೀನ್ ಬಾರ್‌ವರೆಗೆ



ಸ್ವಲ್ಪ ಉದ್ದದ ಬರಹ. ಬಿಡುವು ಮಾಡ್ಕೊಂಡು ಓದಿ.

ನಮ್ಮ ಕೇರಿಯ ಹುಡುಗರು ಈಗ ಜಿಮ್‌ಗೆ ಹೋಗ್ತಾರೆ. ಪೊಲೀಸ್ ಕಾನ್ಸ್‌ಟೇಬಲ್ ದೈಹಿಕ ಪರೀಕ್ಷೆಗೆ ತಯಾರಿ ಮಾಡೋರು ಕೆಲವರು, ಸುಮ್ಮನೆ ಮೈ ಕಟ್ಟಬೇಕು ಅನ್ನೋರು ಕೆಲವರು. ಒಳ್ಳೇದೇ. ಆದರೆ ಅಲ್ಲಿ ಯಾರೋ ಹೇಳಿದ್ರು ಅಂತ ನೂರು ರೂಪಾಯಿ ಮೇಲೆ ಕೊಟ್ಟು ಒಂದೊಂದು ಪ್ರೋಟೀನ್ ಬಾರ್ ತರ್ತಾರೆ. ಅಪ್ಪ ಗಾರೆ ಕೆಲಸ, ಅವ್ವ ಮನೆಗೆಲಸ ಮಾಡಿ ತಂದ ದುಡ್ಡು ಅದು. ಬೆರಳುದ್ದದ ಆ ತುಂಡಿನಲ್ಲಿ ಏನಿದೆ, ಅದು ಎಲ್ಲಿಂದ ಬಂತು, ಅದನ್ನು ಮನೆಯಲ್ಲೇ ಮಾಡ್ಕೊಂಡ್ರೆ ಎಷ್ಟಾಗುತ್ತೆ ಅಂತ ನೋಡೋಣ ಅಂತ ಕೂತೆ. ಕೂತರೆ ಅದರ ಹಿಂದೆ ನಮ್ಮದೇ ಒಂದು ಚರಿತ್ರೆ ಬಿಚ್ಚಿಕೊಳ್ತು.

ಮೊದಲು ಬಾರ್‌ನ ಕಥೆ. 1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಬ್ರಯಾನ್ ಮ್ಯಾಕ್ಸ್‌ವೆಲ್ ಅನ್ನೋ ಕೆನಡಾ ಮೂಲದ ಮ್ಯಾರಥಾನ್ ಓಟಗಾರ ಇದ್ದ. ಓಟದ ಮಧ್ಯೆ ಮೈಯಲ್ಲಿ ಕಸುವು ಬತ್ತಿಹೋಗುತ್ತಲ್ಲ, ಅದಕ್ಕೆ ಏನಾದರೂ ಮಾಡಬೇಕು ಅಂತ ಜೆನಿಫರ್ ಬಿಡಲ್ಫ್ ಅನ್ನೋ ಪೌಷ್ಟಿಕಾಂಶ ವಿದ್ಯಾರ್ಥಿನಿ ಜೊತೆ ಸೇರಿ ಮನೆಯ ಅಡುಗೆಮನೆಯಲ್ಲೇ ಹಿಟ್ಟು ಕಲಸಿ ಪ್ರಯೋಗ ಮಾಡಿದ. 1986ರಲ್ಲಿ ಪವರ್‌ಬಾರ್ ಅಂತ ಕಂಪನಿ ಆಯ್ತು. 2000ದಲ್ಲಿ ನೆಸ್ಲೆ ಅದನ್ನು 37.5 ಕೋಟಿ ಡಾಲರ್‌ಗೆ ಕೊಂಡುಕೊಳ್ತು. ಅಂದರೆ ಈ ವ್ಯಾಪಾರದ ದೊಡ್ಡ ಹೆಸರೊಂದು ಹುಟ್ಟಿದ್ದು ಮನೆಯ ಒಲೆ ಮೇಲೆ. ಹಾಗಾಗಿ "ಮನೇಲಿ ಮಾಡಿದ್ದು ನಕಲಿ" ಅಂತ ಯಾರಾದರೂ ಅಂದ್ರೆ ನಗಬೇಕಷ್ಟೆ.

ಅದಕ್ಕೂ ನೂರಾರು ವರ್ಷ ಮೊದಲೇ ಉತ್ತರ ಅಮೆರಿಕದ ಮೂಲನಿವಾಸಿಗಳು ಪೆಮಿಕನ್ ಅನ್ನೋ ಬುತ್ತಿ ಮಾಡ್ತಿದ್ರು. ಕಾಡುಕೋಣದ ಮಾಂಸ ಒಣಗಿಸಿ, ಕುಟ್ಟಿ ಪುಡಿ ಮಾಡಿ, ಕರಗಿಸಿದ ಕೊಬ್ಬು ಬೆರೆಸಿ, ಕೆಲವು ಸಲ ಕಾಡುಹಣ್ಣು ಸೇರಿಸಿ ಕಟ್ಟಿಡೋರು. ತಿಂಗಳುಗಟ್ಟಲೆ ಕೆಡ್ತಿರಲಿಲ್ಲ. ಬಿಳಿಯರ ತುಪ್ಪಳದ ವ್ಯಾಪಾರ ನಡೆದದ್ದೇ ಈ ಬುತ್ತಿಯ ಬಲದ ಮೇಲೆ. ಆಮೇಲೆ 1870, 1880ರ ದಶಕಗಳಲ್ಲಿ ಆ ಕಾಡುಕೋಣಗಳ ಹಿಂಡುಗಳನ್ನೇ ಬಿಳಿಯರ ಬೇಟೆ ಮುಗಿಸಿಹಾಕ್ತು. ಅನ್ನದ ಮೂಲ ಹೋದ ಮೇಲೆ ಆ ಜನ ಸರ್ಕಾರ ಕೊಡೋ ಪಡಿತರಕ್ಕೆ ಕೈಚಾಚಬೇಕಾಯ್ತು.

ಇದನ್ನ ಓದುವಾಗ ನಮ್ಮ ಕೇರಿಗಳ ತಂತಿ ಮೇಲೆ ಒಣಗ್ತಿದ್ದ ಬಾಡು ನೆನಪಾಗದೇ ಇರುತ್ತಾ? ಉಪ್ಪು, ಅರಿಶಿನ ಸವರಿ ಬಿಸಿಲಿಗೆ ಹಾಕಿ, ಮಳೆಗಾಲಕ್ಕೆ ಗಡಿಗೆಯಲ್ಲಿ ಎತ್ತಿಡ್ತಿದ್ದ ಬಾಡು. ಮರಾಠವಾಡದ ದಲಿತರ ಅಡುಗೆ ಬಗ್ಗೆ ಶಾಹು ಪಾಟೋಳೆ ಅವರು ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ, ಇಂಗ್ಲಿಷಿಗೂ ಬಂದಿದೆ. ನಮ್ಮ ಕಡೆಯ ಅಡುಗೆ ಇನ್ನೂ ಅಷ್ಟು ಪೂರ್ತಿಯಾಗಿ ದಾಖಲಾಗಬೇಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ತಿನ್ನೋದು ಬಿಡಿ, ಊರವರು ಎಸೆದ ತುಂಡಿಗೆ ಕೈಯೊಡ್ಡೋದು ಬಿಡಿ ಅಂದ್ರು. ಅದು ಸ್ವಾಭಿಮಾನದ ಕರೆ. ಅದನ್ನೇ ಹಿಡ್ಕೊಂಡು "ಅಂಬೇಡ್ಕರೇ ಮಾಂಸ ಬೇಡ ಅಂದಿದ್ರು" ಅಂತ ನಮಗೆ ಪಾಠ ಹೇಳೋರು ಇದ್ದಾರೆ. ಅವರು 1948ರಲ್ಲಿ ಪ್ರಕಟವಾದ ಬಾಬಾಸಾಹೇಬರ ಅಸ್ಪೃಶ್ಯರ ಕುರಿತ ಪುಸ್ತಕ ಓದಲಿ. ಅಸ್ಪೃಶ್ಯತೆಯ ಬೇರನ್ನು ಗೋಮಾಂಸದ ಚರಿತ್ರೆಯ ಜೊತೆಗಿಟ್ಟು ಅವರು ವಾದ ಮಂಡಿಸಿದ್ದಾರೆ. ತಟ್ಟೆಯಲ್ಲಿ ಏನಿದೆ ಅನ್ನೋದರ ಮೇಲೆ ಮನುಷ್ಯನ ಬೆಲೆ ಕಟ್ಟೋ ವ್ಯವಸ್ಥೆಯನ್ನ ಅವರು ಬಿಚ್ಚಿಟ್ಟಷ್ಟು ಬೇರೆ ಯಾರೂ ಬಿಚ್ಚಿಟ್ಟಿಲ್ಲ. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ನಮ್ಮ ರಾಜ್ಯದಲ್ಲಿ ಬಡವರ ಕೈಗೆಟುಕುವ ಮಾಂಸದ ಮೇಲೆ ಏನು ಮಾಡ್ತು ಅನ್ನೋದು ನಿಮಗೆಲ್ಲ ಗೊತ್ತಿರೋದೇ.

ಈಗ ಕಡ್ಲೆಕಾಯಿಗೆ ಬರ್ತೀನಿ. ನಮ್ಮ ಕಡೆ ಕಡ್ಲೆಕಾಯಿ, ಉತ್ತರಕ್ಕೆ ಹೋದರೆ ಶೇಂಗಾ. ಮೂಲ ದಕ್ಷಿಣ ಅಮೆರಿಕ. ಅಲ್ಲಿನ ಆದಿವಾಸಿಗಳು ಸಾವಿರಾರು ವರ್ಷ ಬೆಳೆದ ಬೆಳೆ, ಯುರೋಪಿನವರ ಹಡಗು ಹತ್ತಿ ಜಗತ್ತು ಸುತ್ತಿ ನಮ್ಮ ಕಡೆಗೂ ಬಂತು. 19ನೇ ಶತಮಾನದಲ್ಲಿ ಫ್ರಾನ್ಸಿನ ಮಾರ್ಸೇಲ್ಸ್‌ನ ಸಾಬೂನು ಮತ್ತು ಎಣ್ಣೆ ಕಾರ್ಖಾನೆಗಳಿಗೆ ಕಡ್ಲೆಕಾಯಿ ಬೇಕಾಯ್ತು. ದಕ್ಷಿಣ ಆರ್ಕಾಟ್‌ನ ಹೊಲಗಳಿಂದ ಪುದುಚೇರಿ ಬಂದರಿನ ಮೂಲಕ ಮೂಟೆಗಟ್ಟಲೆ ಹೋಯ್ತು. ಮುಂದೆ ಪಾವಗಡ, ಶಿರಾ, ಚಳ್ಳಕೆರೆ ಸೀಮೆಯ ಕೆಂಪು ನೆಲವನ್ನೂ ಈ ಬೆಳೆ ಆವರಿಸಿಕೊಳ್ತು. ಚಳ್ಳಕೆರೆಗೆ ಎಣ್ಣೆ ನಗರಿ ಅಂತಲೇ ಹೆಸರು ಬಂತು.

ಆ ಗಿಡ ಕಿತ್ತವರು ಯಾರು, ಕಾಯಿ ಬಿಡಿಸಿದವರು ಯಾರು, ಬೆರಳು ಸೀಳೋ ತನಕ ಸುಲಿದವರು ಯಾರು? ಹೆಚ್ಚಿನಂಶ ನಮ್ಮ ಹೆಣ್ಮಕ್ಕಳು. ಹೊಲದ ಯಜಮಾನ ಮೂಟೆ ಕಟ್ಟಿ ಗಾಡಿಗೆ ಹೇರಿದ ಮೇಲೆ, ಮಣ್ಣಲ್ಲಿ ಉಳಿದುಹೋದ ಕಾಯಿಗೆ ಹಕ್ಕಲು ಆಯೋಕೆ ಹೋಗ್ತಿದ್ವಿ. ಒಂದು ದಿನ ಪೂರ್ತಿ ಬಗ್ಗಿ ಕೆದಕಿದ್ರೆ ಒಂದು ಸೇರು ಸಿಗೋದು.

ನಮ್ಮವ್ವ ಇನ್ನೊಂದು ಹೇಳ್ತಾಳೆ. ಅವಳು ಹುಡುಗಿಯಾಗಿದ್ದಾಗ ಊರಲ್ಲಿ ಎತ್ತಿನ ಗಾಣ ಇತ್ತು. ಒಳಗೆ ನಮ್ಮವರನ್ನ ಬಿಡ್ತಿರಲಿಲ್ಲ. ಎಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿ ದನಕ್ಕೆ. ಕೆಲಸ ಮಾಡಿದ ದಿನ ಅದರದೊಂದು ಚೂರು ದೂರದಿಂದ ಮಡಿಲಿಗೆ ಹಾಕೋರು. ಅದಕ್ಕೆ ಬೆಲ್ಲ ಸೇರಿಸಿ ಒರಳಲ್ಲಿ ಕುಟ್ಟಿ ಉಂಡೆ ಕಟ್ಟಿ ಅಣ್ಣತಮ್ಮಂದಿರಿಗೆ ಹಂಚೋಳು. "ಅದು ತಿಂದ್ರೆ ಸಂಜೆ ಗಂಟ ಹೊಟ್ಟೆ ಗಟ್ಟಿ ಇರೋದು ಕಣಪ್ಪ" ಅಂತಾಳೆ. ಲೆಕ್ಕ ನೋಡಿ: ಕಡಲೆಬೀಜದಲ್ಲಿ 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್. ಎಣ್ಣೆ ತೆಗೆದರೆ ಪ್ರೋಟೀನ್ ಎಲ್ಲೂ ಹೋಗಲ್ಲ, ಹಿಂಡಿಯಲ್ಲೇ ಉಳಿಯುತ್ತೆ, ಪ್ರಮಾಣ ಇನ್ನೂ ಹೆಚ್ಚಾಗುತ್ತೆ. ಹೆಸರಿಲ್ಲದ ಪ್ರೋಟೀನ್ ಬಾರ್ ಅದು. ದನದ ಪಾಲಿನಿಂದ ಕಿತ್ತು ತಿಂದದ್ದು.

ಇದೇ ಹಿಂಡಿಗೆ ವಿಜ್ಞಾನಿಗಳ ಕಣ್ಣು ಬಿದ್ದದ್ದು ಸ್ವಾತಂತ್ರ್ಯ ಬಂದ ಮೇಲೆ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಶುರುವಾಯ್ತು. ವಿ. ಸುಬ್ರಹ್ಮಣ್ಯನ್ ಮೊದಲ ನಿರ್ದೇಶಕರು. ಆಗ ಅಮೆರಿಕದಲ್ಲಿ ಸೋಯಾದಿಂದ ಬಡವರಿಗೆ ಅಗ್ಗದ ಪೌಷ್ಟಿಕ ಪುಡಿ ಮಾಡಿದ್ರು. ನಮ್ಮಲ್ಲಿ ಸೋಯಾ ಇರಲಿಲ್ಲ, ಕಡ್ಲೆಕಾಯಿ ಇತ್ತು. ಮೈಸೂರಿನವರು ತಿನ್ನೋಕೆ ಯೋಗ್ಯವಾದ ಕಡ್ಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ, ವಿಟಮಿನ್, ಕ್ಯಾಲ್ಸಿಯಂ ಸೇರಿಸಿ ಭಾರತೀಯ ವಿವಿಧೋದ್ದೇಶ ಆಹಾರ ಅಂತ ತಯಾರಿಸಿದ್ರು. ಅದರಲ್ಲಿ 100ಕ್ಕೆ ಸುಮಾರು 40 ಭಾಗ ಪ್ರೋಟೀನ್. ಮುಂದೆ ಗೋಧಿ, ಕಡ್ಲೆಕಾಯಿ ಹಿಟ್ಟು, ಕಡಲೆ ಹಿಟ್ಟು ಸೇರಿಸಿದ ಬಾಲ ಆಹಾರ ಬಂತು.

ಈ ಬೆರಕೆಯಲ್ಲಿ ಒಂದು ಗುಟ್ಟಿದೆ. ಪ್ರೋಟೀನ್ ಅಂದ್ರೆ ಅಮೈನೋ ಆಮ್ಲಗಳ ಸರ. ಕಡ್ಲೆಕಾಯಿಯಲ್ಲಿ ಲೈಸಿನ್ ಅನ್ನೋ ಮಣಿ ಕಡಿಮೆ, ಕಡಲೆಯಲ್ಲಿ ಅದು ಚೆನ್ನಾಗಿದೆ. ಬೇಳೆಕಾಳುಗಳಲ್ಲಿ ಮೆಥಿಯೋನಿನ್ ಕಡಿಮೆ, ಎಳ್ಳಿನಲ್ಲಿ ಅದು ಹೆಚ್ಚು. ಒಂದರ ಕೊರತೆ ಇನ್ನೊಂದು ತುಂಬುತ್ತೆ. ಅದಕ್ಕೇ ಬರೀ ಕಡಲೆಬೀಜ ತಿನ್ನೋದಕ್ಕಿಂತ ಮೂರನ್ನೂ ಸೇರಿಸಿ ತಿನ್ನೋದು ಲೇಸು.

ಹಾಗಾದ್ರೆ ಆ ಪುಡಿಗಳು ನಮ್ಮ ಮನೆಗೆ ಯಾಕೆ ಬರಲಿಲ್ಲ? ಒಂದು ಕಾರಣ ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನಿಂದ ತರಿಸಿದ ಕಡ್ಲೆಕಾಯಿ ಹಿಂಡಿ ತಿಂದು ಟರ್ಕಿ ಕೋಳಿಗಳು ರಾಶಿ ರಾಶಿ ಸತ್ತವು. ಬೂಷ್ಟಿನಿಂದ ಹುಟ್ಟೋ ಅಫ್ಲಾಟಾಕ್ಸಿನ್ ಅನ್ನೋ ವಿಷ ಪತ್ತೆಯಾದದ್ದು ಆಗ. ಕಡ್ಲೆಕಾಯಿ ಹಿಟ್ಟಿನ ಮೇಲೆ ಅನುಮಾನ ಬಂತು. ಇನ್ನೊಂದು ಕಾರಣ ವಾದದ್ದು. ಬಡವರ ಮಕ್ಕಳಿಗೆ ಕೊರತೆ ಇರೋದು ಪ್ರೋಟೀನ್‌ದೊಂದೇ ಅಂತ ತಜ್ಞರು ನಂಬಿದ್ರು. ಹೈದರಾಬಾದಿನ ಸಿ. ಗೋಪಾಲನ್ ಮತ್ತಿತರರು ಮಕ್ಕಳಿಗೆ ಮೊದಲು ಹೊಟ್ಟೆ ತುಂಬ ಊಟವೇ ಸಿಗ್ತಿಲ್ಲ ಅಂತ ತೋರಿಸಿದ್ರು. 1974ರ ಹೊತ್ತಿಗೆ ಡೊನಾಲ್ಡ್ ಮ್ಯಾಕ್ಲಾರೆನ್ ಅನ್ನೋ ವೈದ್ಯ ಈ ಇಡೀ ಪ್ರೋಟೀನ್ ಗದ್ದಲವನ್ನೇ ದೊಡ್ಡ ಎಡವಟ್ಟು ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ.

ನಾನು ಇದನ್ನ ಹೀಗೆ ಓದ್ಕೊಳ್ತೀನಿ. ಭೂಮಿ ಕೇಳಿದವರಿಗೆ, ಸರಿಯಾದ ಕೂಲಿ ಕೇಳಿದವರಿಗೆ ಒಂದು ಪುಡಿ ಪೊಟ್ಟಣ ಕೊಟ್ಟು ಸಮಾಧಾನ ಮಾಡೋಕೆ ಆಗಲ್ಲ. ಹಸಿವಿಗೆ ಲ್ಯಾಬ್‌ನಲ್ಲಿ ಉತ್ತರ ಹುಡುಕಿದ್ರು, ಹೊಲದಲ್ಲಿ ಹುಡುಕಲಿಲ್ಲ.

ನಿಜವಾಗಿ ಬದಲಾವಣೆ ತಂದದ್ದು ಹಕ್ಕು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಲೇಬೇಕು ಅಂದಿತು. ನಮ್ಮಲ್ಲಿ 2002ರಲ್ಲಿ ಅಕ್ಷರ ದಾಸೋಹ ಶುರುವಾಯ್ತು. 2004ರ ಏಪ್ರಿಲ್ 20ರ ಆದೇಶದಲ್ಲಿ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಿ ಅಂತಲೂ ಹೇಳ್ತು. ನಮ್ಮವರು ಮಾಡಿದ ಅಡುಗೆ ಉಣ್ಣಲ್ಲ ಅಂತ ಮಕ್ಕಳನ್ನ ಮನೆಗೆ ಕರ್ಕೊಂಡು ಹೋದ ಸುದ್ದಿಗಳು ಇವತ್ತಿಗೂ ಬರ್ತಾನೇ ಇವೆ.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ವಿಜಯಪುರದಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ಎದ್ದು ನಿಂತ್ರು. ಅವರಿಗೆ ಎದುರು ಮಾತಾಡಿದವಳು ಒಬ್ಬ ಶಾಲಾ ಹುಡುಗಿ, ನೆನಪಿರಬೇಕು ನಿಮಗೆ. ಮೊಟ್ಟೆ ಉಳಿತು, ಇಡೀ ರಾಜ್ಯಕ್ಕೆ ಬಂತು, 2024ರಲ್ಲಿ ವಾರಕ್ಕೆ 6 ದಿನ ಆಯ್ತು. ಬೇಡ ಅನ್ನೋ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಬಹುಪಾಲು ಮಕ್ಕಳು ಕೈ ಚಾಚಿದ್ದು ಮೊಟ್ಟೆಗೇ. ಗುಣಮಟ್ಟ ಸರಿಯಿಲ್ಲ, ಸಕ್ಕರೆ ಅಂಶ ಜಾಸ್ತಿ ಅನ್ನೋ ದೂರುಗಳ ಮೇಲೆ 2025ರಲ್ಲಿ ಚಿಕ್ಕಿ ನಿಲ್ತು.

ಹಾಗಾಗಿ ಮುಂದೆ ನಾನು ಹೇಳೋದನ್ನ ಯಾರೂ "ನೋಡಿ, ದಲಿತರೇ ಚಿಕ್ಕಿ ಸಾಕು ಅಂತಾರೆ" ಅಂತ ತಿರುಚಬಾರದು. ಮೊಟ್ಟೆಯ ಪ್ರೋಟೀನ್ ಮೈಗೆ ಹತ್ತೋ ರೀತಿಯೇ ಬೇರೆ. ಅದರಲ್ಲಿರೋ ಬಿ12 ಕಡ್ಲೆಕಾಯಲ್ಲಿ ಇಲ್ಲ. ಕೇಂದ್ರ ಸರ್ಕಾರದ 2019–20ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆ ಮಕ್ಕಳ ಮೊಟ್ಟೆ ಕಿತ್ಕೊಳ್ಳೋರ ಜೊತೆ ನಮ್ಮ ಜಗಳ ನಿಲ್ಲಲ್ಲ. ಇದು ಮೊಟ್ಟೆ ಜೊತೆಗೆ, ಬಾಡಿನ ಜೊತೆಗೆ. ಬಿಸ್ಕತ್ತು, ಕುರ್ಕುರೆ ಜಾಗಕ್ಕೆ.

ಮಾಡೋದು ಹೀಗೆ. ಕಡಲೆಬೀಜ 250 ಗ್ರಾಂ, ಹುರಿಗಡಲೆ 150 ಗ್ರಾಂ, ಎಳ್ಳು 50 ಗ್ರಾಂ, ರಾಗಿ ಹುರಿಹಿಟ್ಟು 50 ಗ್ರಾಂ, ಬೆಲ್ಲ 250 ಗ್ರಾಂ. ಮೊದಲ ಕೆಲಸ ಬೀಜ ಆರಿಸೋದು. ಕಪ್ಪಾದ, ಮುರುಟಿದ, ಬೂಷ್ಟು ಹಿಡಿದ, ಕಹಿ ಬರೋ ಬೀಜ ಒಂದನ್ನೂ ಹಾಕಬೇಡಿ. ಹುರಿದರೂ ಆ ವಿಷ ಪೂರ್ತಿ ಹೋಗಲ್ಲ. ಇದೇ ಕಾರಣಕ್ಕೆ ಅವ್ವನ ಕಾಲದ ಹಾಗೆ ಅಂಗಡಿಯ ದನದ ಹಿಂಡಿ ತಂದು ಮಾಡೋಕೂ ಹೋಗಬೇಡಿ. ಬೀಜ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತಿಕ್ಕಿ ಕೇರಿ, ಹುರಿಗಡಲೆ ಜೊತೆ ತರಿತರಿಯಾಗಿ ಪುಡಿ ಮಾಡಿ. ಎಳ್ಳು ಚಟಪಟ ಅನ್ನೋ ತನಕ ಹುರೀರಿ. ಬಾಣಲೆಗೆ ಬೆಲ್ಲ, ಸ್ವಲ್ಪವೇ ನೀರು ಹಾಕಿ ಕರಗಿಸಿ, ಶೋಧಿಸಿ, ಮತ್ತೆ ಕುದಿಸಿ. ಒಂದು ಹನಿ ತಣ್ಣೀರಿಗೆ ಬಿಟ್ಟರೆ ಮೆತ್ತಗೆ ಉಂಡೆ ಆಗಬೇಕು, ಅಷ್ಟು ಸಾಕು. ಎಲ್ಲಾ ಸುರಿದು ಕಲಸಿ, ಎಣ್ಣೆ ಸವರಿದ ತಟ್ಟೆಗೆ ಒತ್ತಿ, ಬೆಚ್ಚಗಿರುವಾಗಲೇ 20 ತುಂಡು ಮಾಡಿ.

ನಮ್ಮೂರ ದಿನಸಿ ಅಂಗಡಿ ರೇಟಲ್ಲಿ ನನಗೆ ಎಲ್ಲಾ ಸೇರಿ 90 ರೂಪಾಯಿ ಆಯ್ತು. ಗ್ಯಾಸ್ ಸೇರಿಸಿದ್ರೂ ತುಂಡಿಗೆ 5 ರೂಪಾಯಿ. ಒಂದರಲ್ಲಿ 5 ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್, ಒಂದು ಮೊಟ್ಟೆಯ ಹತ್ತಿರ ಹತ್ತಿರ. ಅಂಗಡಿ ಬಾರ್‌ನ 20 ಗ್ರಾಂಗೆ ಇದನ್ನ 4 ತುಂಡು ತಿನ್ನಬೇಕು, 20 ರೂಪಾಯಿ. ಆದರೆ 4 ತುಂಡಲ್ಲಿ 650 ಕ್ಯಾಲೊರಿಗಿಂತ ಹೆಚ್ಚು ಶಕ್ತಿ ಇರುತ್ತೆ, ಆ ಬಾರ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಓಡೋ ಹುಡುಗರಿಗೆ, ಗಾರೆ ಕೆಲಸದವರಿಗೆ, ಬೆಳೆಯೋ ಮಕ್ಕಳಿಗೆ ಅದೇ ಬೇಕು. ನನ್ನ ಹಾಗೆ ದಿನವಿಡೀ ಫೈಲ್ ಮುಂದೆ ಕೂರೋರಿಗೆ ಒಂದು ತುಂಡು ಸಾಕು. ಸಕ್ಕರೆ ಕಾಯಿಲೆ ಇರೋರು ದೂರ ಇರಿ, ಬೆಲ್ಲವೂ ಸಕ್ಕರೆಯೇ. ಚಿಕ್ಕ ಮಕ್ಕಳಿಗೆ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳಬಹುದು, ನುಣ್ಣಗೆ ಪುಡಿ ಮಾಡಿ ಮೆತ್ತಗಿನ ಉಂಡೆ ಮಾಡಿ ಕೊಡಿ. ಕಡ್ಲೆಕಾಯಿ ಕೆಲವರಿಗೆ ಅಲರ್ಜಿ, ಮೊದಲೇ ಕೇಳಿ.

ಕೊನೆಗೆ ಒಂದು ಕೋರಿಕೆ. ಭೀಮ್ ಜಯಂತಿಗೆ ನಾವು ಡಿಜೆಗೆ, ಫ್ಲೆಕ್ಸ್‌ಗೆ ಎಷ್ಟು ಖರ್ಚು ಮಾಡ್ತೀವಿ ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ಫ್ಲೆಕ್ಸ್ ದುಡ್ಡು ಉಳಿಸಿದ್ರೆ ಅಂಬೇಡ್ಕರ್ ಭವನದ ಸಂಜೆ ಟ್ಯೂಷನ್ ಮಕ್ಕಳಿಗೆ ತಿಂಗಳಲ್ಲಿ ನಾಲ್ಕು ಸಲವಾದರೂ ಕೊಡಬಹುದು. ಗಂಡು ಹುಡುಗರೂ ಬಾಣಲೆ ಹಿಡೀಲಿ, ಕಡ್ಲೆಕಾಯಿ ಸುಲಿದು ಸುಲಿದು ನಮ್ಮ ಅವ್ವಂದಿರ ಬೆರಳು ಸವೆದದ್ದು ಸಾಕು. ಕಟ್ಟೋ ಮೊದಲು ಹಿರಿಯರನ್ನ ಕೂರಿಸಿ ಕೇಳಿ: ನಿಮ್ಮ ಕಾಲದಲ್ಲಿ ಏನು ತಿಂತಿದ್ರಿ, ಯಾರು ಕೊಡ್ತಿದ್ರು, ಹೇಗೆ ಕೊಡ್ತಿದ್ರು ಅಂತ. ಹೇಳಿದ್ದನ್ನ ಬರೆದಿಡಿ, ಇಲ್ಲ ಫೋನ್‌ನಲ್ಲಿ ರೆಕಾರ್ಡ್ ಮಾಡಿಡಿ. ಆ ತಲೆಮಾರು ಹೋದ ಮೇಲೆ ಈ ಚರಿತ್ರೆ ಬೇರೆ ಎಲ್ಲೂ ಸಿಗಲ್ಲ.

ಜೈ ಭೀಮ್.