ಹೊಲದಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ

ಕೆರೆ ಎಂದರೆ ನೀರು ಎಂಬುದು ಸಾಮಾನ್ಯ ತಿಳಿವಳಿಕೆ. ಹಳೇ ಮೈಸೂರು ಸೀಮೆಯ ರೈತಾಪಿ ಜನರಿಗೆ ಕೆರೆ ಎಂದರೆ ನೀರಿನಷ್ಟೇ ಮಣ್ಣೂ ಆಗಿತ್ತು. ಮಳೆಗಾಲದಲ್ಲಿ ಅದು ನೀರಿನ ಕಣಜ, ಬೇಸಿಗೆಯಲ್ಲಿ ಗೊಬ್ಬರದ ಕಣಜ. ಮಳೆ ಬಿದ್ದಾಗ ಮೇಲಿನ ಹೊಲ, ಗೋಮಾಳ, ಗುಡ್ಡಗಳ ಮೇಲ್ಮಣ್ಣು ನೀರಿನೊಡನೆ ಹರಿದು ಬಂದು ಕೆರೆಯ ತಳದಲ್ಲಿ ಕೂರುತ್ತಿತ್ತು. ಇದಕ್ಕೆ ಕೆಲವೆಡೆ ಹೂಳು ಎಂದರು, ಕೆಲವೆಡೆ ಗೋಡು ಎಂದರು. ಬೇಸಿಗೆಯಲ್ಲಿ ಕೆರೆ ಬತ್ತಿ ಅಂಗಳ ಬಿರುಕು ಬಿಟ್ಟಾಗ ಊರಿನ ಎತ್ತಿನ ಗಾಡಿಗಳು ಅಲ್ಲಿಗಿಳಿಯುತ್ತಿದ್ದವು. ಆ ಗೋಡು ರಾಗಿ ಹೊಲಗಳಿಗೂ ಗದ್ದೆಗಳಿಗೂ ಮರಳಿ ಹೋಗುತ್ತಿತ್ತು.

ಮಣ್ಣು ಮತ್ತು ನೀರನ್ನು ಒಟ್ಟಿಗೆ ಕಾಪಾಡುವ ಬೇಸಾಯಕ್ಕೆ ಇಂದು ‘ಪುನಶ್ಚೇತನ ಕೃಷಿ’ ಎಂಬ ಹೊಸ ಹೆಸರು ಬಂದಿದೆ. ರೈತರು ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ ಮಾಡಿದರೆ ಮಾತ್ರ ಅದು ಫಲಿಸುತ್ತದೆ ಎಂದೂ ಹೇಳಲಾಗುತ್ತಿದೆ. ಕನ್ನಡ ನಾಡಿನ ಕೆರೆಗಳ ಚರಿತ್ರೆ ಈ ಮಾತಿಗೆ ಸಾಕ್ಷಿಯೂ ಹೌದು, ಎಚ್ಚರಿಕೆಯೂ ಹೌದು. ಊರು ಒಟ್ಟಾಗಿ ಏನು ಮಾಡಬಲ್ಲುದು ಎಂಬುದನ್ನು ಅದು ತೋರಿಸುತ್ತದೆ. ಆ ಒಟ್ಟು ದುಡಿಮೆಯ ಭಾರವನ್ನು ಯಾರು ಹೊತ್ತರು ಎಂಬ ಕಹಿ ಪ್ರಶ್ನೆಯನ್ನೂ ಅದೇ ಕೇಳುತ್ತದೆ.

ನದಿಯಿಲ್ಲದ ನಾಡಿನ ಉಪಾಯ

ಕೋಲಾರ, ತುಮಕೂರು, ಚಿತ್ರದುರ್ಗದ ಸೀಮೆಗಳಲ್ಲಿ ವರ್ಷವಿಡೀ ಹರಿಯುವ ನದಿಗಳು ಅಪರೂಪ. ಕೋಲಾರದ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುತ್ತದಾದರೂ ಅದರ ಬಹುಪಾಲು ಕೆಲವೇ ದಿನಗಳ ಬಿರುಸಿನ ಮಳೆ. ಅಲ್ಲಿಯ ಕೆಂಪು ಮಣ್ಣು ತೆಳು; ನೀರನ್ನು ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ಬಿದ್ದ ಮಳೆ ಓಡಿಹೋಗುತ್ತದೆ, ಹೋಗುವಾಗ ಮಣ್ಣನ್ನೂ ಒಯ್ಯುತ್ತದೆ. ಇಂಥ ನೆಲದಲ್ಲಿ ಬದುಕಬೇಕಾದರೆ ಓಡುವ ನೀರನ್ನು ತಡೆಯಬೇಕು, ಕೊಚ್ಚಿಹೋದ ಮಣ್ಣನ್ನು ಹಿಂದಕ್ಕೆ ತರಬೇಕು. ಎರಡೂ ಕೆಲಸಕ್ಕೆ ಹಿರಿಯರು ಕಂಡುಕೊಂಡ ಒಂದೇ ಉಪಾಯ ಕೆರೆ.

ಈ ಉಪಾಯ ಬಹಳ ಹಳೆಯದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಶಾಸನ ಕೆರೆಯ ಕೆಲಸವನ್ನೇ ಹೇಳುತ್ತದೆ. ಐದನೆಯ ಶತಮಾನದ ತಾಳಗುಂದ ಸ್ತಂಭಶಾಸನದಲ್ಲಿ ಕಾಕುತ್ಸ್ಥವರ್ಮ ಕೆರೆ ಕಟ್ಟಿಸಿದ ಸಂಗತಿ ಇದೆ. ಅಲ್ಲಿಂದ ಮುಂದೆ ಗಂಗ, ಚಾಲುಕ್ಯ, ಹೊಯ್ಸಳ, ವಿಜಯನಗರದ ಕಾಲಗಳಲ್ಲಿ ಅರಸರು ಮಾತ್ರವಲ್ಲ, ಹೆಗ್ಗಡೆಗಳು, ಗೌಡರು, ವರ್ತಕರು ಕೆರೆ ಕಟ್ಟಿಸಿದ್ದಾರೆ. ಇಂದಿಗೂ ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಗುವ ಕೆರೆಗಳು 36 ಸಾವಿರಕ್ಕೂ ಹೆಚ್ಚು.

ಕೆರೆ ಕಟ್ಟುವುದಕ್ಕಿಂತ ಕಷ್ಟವಾದದ್ದು ಅದನ್ನು ಉಳಿಸಿಕೊಳ್ಳುವುದು. ಇದು ಶಾಸನಗಳನ್ನು ಬರೆಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಮುಂತಾದ ಹೆಸರಿನ ದತ್ತಿಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವನಿಗೆ, ರಿಪೇರಿ ಮಾಡಿದವನಿಗೆ, ನೋಡಿಕೊಳ್ಳುವವನಿಗೆ ಅಚ್ಚುಕಟ್ಟಿನಲ್ಲೇ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುವ ಏರ್ಪಾಡು ಅದು. ಕೆರೆಯಿಂದ ಹೂಳು, ಮಣ್ಣು ಸಾಗಿಸುವ ಬಂಡಿಗಳಿಗೆಂದೇ ಭೂಮಿ ಬಿಟ್ಟ ಶಾಸನಗಳೂ ಇವೆ. ಹೂಳೆತ್ತುವುದು ಎಂದೋ ಒಮ್ಮೆ ಮಾಡುವ ಕೆಲಸವಲ್ಲ, ವರ್ಷ ವರ್ಷವೂ ನಡೆಯಬೇಕಾದ್ದು, ಅದಕ್ಕೆ ಕಾಯಂ ಆದಾಯ ಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ.

ಈಗಿನ ಆಂಧ್ರಪ್ರದೇಶದ ಕಡಪಾ ಜಿಲ್ಲೆಯ ಪೊರುಮಾಮಿಳ್ಳದಲ್ಲಿ 1369ರ ಸಂಸ್ಕೃತ ಶಾಸನವೊಂದಿದೆ. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿದಾಗ ಹಾಕಿಸಿದ್ದು. ದಿನಕ್ಕೆ ಸಾವಿರ ಆಳು, ನೂರು ಬಂಡಿಗಳು ದುಡಿದು ಎರಡು ವರ್ಷದಲ್ಲಿ ಕೆಲಸ ಮುಗಿಯಿತೆಂದು ಅದು ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ನೀರು ಕಡಿಮೆ ಇದ್ದು ಅಚ್ಚುಕಟ್ಟು ದೊಡ್ಡದಾಗಿರುವುದು ಇತ್ಯಾದಿ ದೋಷಗಳ ನಡುವೆ ಇನ್ನೊಂದಿದೆ: ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು. ಮಣ್ಣು, ಕಲ್ಲು, ನೀರು ಎಷ್ಟೇ ಚೆನ್ನಾಗಿದ್ದರೂ ನೋಡಿಕೊಳ್ಳುವವರಲ್ಲಿ ಒಗ್ಗಟ್ಟಿಲ್ಲದಿದ್ದರೆ ಕೆರೆ ನಿಲ್ಲದು ಎಂಬ ವ್ಯವಹಾರಜ್ಞಾನ ಇಲ್ಲಿ ಕಾಣುತ್ತದೆ.

ಒಬ್ಬರ ಕೋಡಿ, ಇನ್ನೊಬ್ಬರ ಕೆರೆ

ಈ ಸೀಮೆಯ ಕೆರೆಗಳು ಬಿಡಿಬಿಡಿಯಾಗಿಲ್ಲ, ಸರದ ಮಣಿಗಳಂತೆ ಒಂದರ ಕೆಳಗೊಂದು ಇವೆ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಊರಿನ ಕೆರೆಗೆ. ಮೇಲಿನ ಊರಿನವರು ಕೋಡಿಯನ್ನು ಎತ್ತರಿಸಿದರೆ ಕೆಳಗಿನವರಿಗೆ ನೀರಿಲ್ಲ. ಏರಿಯನ್ನು ಕಡೆಗಣಿಸಿದರೆ ಕೆಳಗಿನವರಿಗೆ ಜಲಪ್ರಳಯ. 1903ರ ನವೆಂಬರಿನಲ್ಲಿ ಭಾರೀ ಮಳೆಗೆ ಪಾಲಾರ್ ಕಣಿವೆಯ ಕೆರೆಗಳು ಒಡೆದವು. ಕೋಲಾರ ಸೀಮೆಯ ಬೇತಮಂಗಲದ ದೊಡ್ಡ ಕೆರೆಯೂ ಒಡೆಯಿತು. ಆ ನೀರು ನುಗ್ಗಿ ಕೆಳಗಿದ್ದ ಮದ್ರಾಸ್ ಪ್ರಾಂತ್ಯದ ವಾಣಿಯಂಬಾಡಿ ಪಟ್ಟಣ ಅಪಾರ ನಷ್ಟ ಅನುಭವಿಸಿತು. ಒಂದು ಊರಿನ ಏರಿಯ ಭದ್ರತೆ ಹತ್ತಾರು ಊರುಗಳ ಪ್ರಾಣದ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಊರಿನೊಳಗೂ ಹಂಚಿಕೆಗೆ ಕಟ್ಟುಪಾಡಿತ್ತು. ತೂಬು ಎತ್ತುವ, ಕಾಲುವೆಯಲ್ಲಿ ನೀರು ತಿರುಗಿಸುವ ಹೊಣೆ ನೀರುಗಂಟಿಯದು. ವಿಜಯನಗರ ಕಾಲದಿಂದ ಹೆಸರಾದ ಹನ್ನೆರಡು ಮಂದಿ ಆಯಗಾರರಲ್ಲಿ ಅವನೂ ಒಬ್ಬ. ಸುಗ್ಗಿಯಲ್ಲಿ ಕಣದಲ್ಲೇ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ನಾಟಿ, ಯಾವ ಬೆಳೆ, ಯಾರ ಗದ್ದೆಗೆ ಎಂದು ನೀರು ಎಂಬುದನ್ನು ಊರು ಕೂತು ತೀರ್ಮಾನಿಸುತ್ತಿತ್ತು. ಅದನ್ನು ನಡೆಸುವವನು ನೀರುಗಂಟಿ. ಬೇಸಿಗೆಯಲ್ಲಿ ಏರಿಗೆ ಮಣ್ಣು ಹಾಕುವುದು, ಅದರ ಮೇಲೆ ಬೆಳೆದ ಗಿಡಗಂಟಿ ಕೀಳುವುದು, ಕಾಲುವೆ ತೋಡುವುದು ಇವಕ್ಕೆಲ್ಲ ಮನೆಗೊಂದಾಳಿನ ಲೆಕ್ಕ. ಕೆರೆ ತುಂಬಿ ಕೋಡಿ ಬಿದ್ದಾಗ ಗಂಗೆಪೂಜೆ, ಬಾಗಿನ.

ಗೋಡು ಹೊಡೆಯುವುದು ಈ ವರ್ಷಚಕ್ರದ ಒಂದು ಭಾಗ. ಅದರಿಂದ ಎರಡು ಲಾಭ. ಕೆರೆಯ ತಳದಲ್ಲಿ ಕೂರುವುದು ನುಣುಪಾದ ಜೇಡಿ ಕಣ. ಅದಕ್ಕೆ ಅಂಟಿಕೊಂಡು ಕೊಳೆತ ಎಲೆ, ಸಗಣಿ, ಹೊಲದಿಂದ ತೊಳೆದು ಬಂದ ಸಾರ ಇರುತ್ತದೆ. ಮರಳು ಮಿಶ್ರಿತ ಕೆಂಪು ಹೊಲಕ್ಕೆ ಅದನ್ನು ಬೆರೆಸಿದರೆ ಮಣ್ಣಿನ ಫಲವತ್ತು ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಳೆ ಕೈಕೊಟ್ಟ ದಿನಗಳಲ್ಲಿ ತೇವ ಹಿಡಿದಿಡುವ ಶಕ್ತಿ ಬರುತ್ತದೆ. ಇತ್ತ ಎತ್ತಿದ ಪ್ರತಿ ಗಾಡಿ ಗೋಡಿಗೆ ಕೆರೆಯಲ್ಲಿ ಅಷ್ಟು ಜಾಗ ತೆರವಾಗಿ ಮುಂದಿನ ಮಳೆಯ ನೀರಿಗೆ ಸ್ಥಳವಾಗುತ್ತದೆ. ಕೆರೆಗೆ ಕಸವಾದದ್ದೇ ಹೊಲಕ್ಕೆ ರಸ. ಮಣ್ಣಿನ ಸಾಲವನ್ನು ಊರು ಪ್ರತಿ ಬೇಸಿಗೆಯಲ್ಲಿ ತೀರಿಸುತ್ತಿತ್ತು ಎನ್ನಬಹುದು.

ಚಿತ್ರದ ಇನ್ನೊಂದು ಮಗ್ಗುಲು

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಚರಿತ್ರೆಯಾಗದು, ಸ್ತುತಿಯಾದೀತು. ಮನೆಗೊಂದಾಳು ಎಂಬ ನಿಯಮದಲ್ಲಿ ಎಲ್ಲ ಮನೆಗಳೂ ಸಮವಾಗಿರಲಿಲ್ಲ. ಅಚ್ಚುಕಟ್ಟಿನ ಗದ್ದೆ ಹೆಚ್ಚಾಗಿ ಮೇಲುಜಾತಿಯವರದು, ದೇವಸ್ಥಾನದ್ದು, ಅಗ್ರಹಾರದ್ದು. ಬುಟ್ಟಿ ಹೊತ್ತು ಮಣ್ಣು ಸುರಿದ ಅನೇಕರಿಗೆ ಆ ಕೆರೆಯ ನೀರು ಹರಿಯುವ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ನೀರುಗಂಟಿ ಬಹುಪಾಲು ಊರುಗಳಲ್ಲಿ ದಲಿತ ಸಮುದಾಯದವನು. ತೂಬಿನ ಕೀಲಿ ಅವನ ಕೈಯಲ್ಲಿದ್ದರೂ ಊರ ಬಾವಿಯ ನೀರು ಸೇದುವ ಹಕ್ಕು ಅವನಿಗಿರಲಿಲ್ಲ. ಒಟ್ಟು ದುಡಿಮೆ ಮತ್ತು ಬಿಟ್ಟಿ ದುಡಿಮೆಯ ನಡುವಿನ ಗೆರೆ ತುಂಬ ತೆಳುವಾಗಿತ್ತು. ಕೆರೆಗೆ ಬಲಿಯಾದ ಸೊಸೆ ಭಾಗೀರಥಿಯ ಕಥೆಯನ್ನು ಹೇಳುವ ‘ಕೆರೆಗೆ ಹಾರ’ ಎಂಬ ಜನಪದ ಗೀತೆ ನಾಡಿನಲ್ಲಿ ಉಳಿದು ಬಂದಿರುವುದೂ ಊರ ಹಿತದ ಬೆಲೆಯನ್ನು ತೆತ್ತವರು ಯಾರೆಂಬುದನ್ನು ನೆನಪಿಸುತ್ತದೆ.

ಈ ವ್ಯವಸ್ಥೆ ಒಂದೇ ದಿನದಲ್ಲಿ ಮುರಿಯಲಿಲ್ಲ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1860ರ ದಶಕದಲ್ಲಿ ಕೆರೆಗಳನ್ನು ಪರಿಶೀಲಿಸಿ, ಈ ವಿಶಾಲ ಸೀಮೆಯಲ್ಲಿ ಹೊಸ ಕೆರೆಗೆ ತಕ್ಕ ಜಾಗ ಹುಡುಕುವುದೇ ಕಷ್ಟ ಎಂದು ಬೆರಗಾದ. ಆದರೆ ಬೆರಗಿನ ಜೊತೆಗೇ ಕೆರೆ ಇಲಾಖೆಯ ಕಡತಕ್ಕೆ ಸೇರಿತು. ಕಂದಾಯ ಸರ್ಕಾರಕ್ಕೆ, ಕಲ್ಲುಗಾರೆಯ ಕೆಲಸ ಎಂಜಿನಿಯರಿಗೆ, ಮಣ್ಣಿನ ಕೆಲಸ ಮಾತ್ರ ರೈತರಿಗೆ ಎಂಬ ವಿಭಾಗ ಏರ್ಪಟ್ಟಿತು. ದತ್ತಿಯ ಆದಾಯ ಕೆರೆಯ ಬಳಿಯೇ ಉಳಿಯುವ ಹಳೆಯ ಪದ್ಧತಿ ಸಡಿಲವಾಯಿತು. ರೈತರು ಕೈಬಿಡುತ್ತಿದ್ದಾರೆ ಎಂಬುದು ಅರಿವಿಗೆ ಬಂದು 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಕಾಯಿದೆಯನ್ನೇ ತಂದಿತು. ಒಮ್ಮೆ ವಾಡಿಕೆಯಿಂದ ನಡೆಯುತ್ತಿದ್ದುದನ್ನು ಕಾನೂನಿನಿಂದ ನಡೆಸಬೇಕಾದ ಸ್ಥಿತಿ ಆಗಲೇ ಬಂದಿತ್ತು.

ಸ್ವಾತಂತ್ರ್ಯಾನಂತರ 1961ರ ಮೈಸೂರು ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ವಂಶಪಾರಂಪರ್ಯದ ಊರ ಹುದ್ದೆಗಳನ್ನು ತೆಗೆದುಹಾಕಿತು. ಜಾತಿಗೆ ಅಂಟಿಕೊಂಡ ಚಾಕರಿಯಿಂದ ಅನೇಕರಿಗೆ ಬಿಡುಗಡೆ ಸಿಕ್ಕಿದ್ದು ನ್ಯಾಯವೇ. ಆದರೆ ಹುದ್ದೆ ಹೋದ ಕಡೆ ಕೆಲಸವೂ ಹೋಯಿತು. ತೂಬಿಗೆ ಕಾವಲಿರಲಿಲ್ಲ, ಆ ಜಾಗಕ್ಕೆ ಕೂಲಿ ಕೊಟ್ಟು ಇನ್ನೊಬ್ಬನನ್ನು ನೇಮಿಸುವ ಏರ್ಪಾಡು ಹೆಚ್ಚಿನ ಊರುಗಳಲ್ಲಿ ಬರಲಿಲ್ಲ. 1965ರ ನೀರಾವರಿ ಕಾಯಿದೆ ಇಲಾಖೆಯ ಹಿಡಿತವನ್ನು ಗಟ್ಟಿಮಾಡಿತು. 40 ಹೆಕ್ಟೇರಿಗೂ ಮೇಲ್ಪಟ್ಟ ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕದು ಪಂಚಾಯಿತಿಗೆ ಎಂಬ ಹಂಚಿಕೆಯಾಯಿತು. ಸರದ ಮಣಿಗಳು ಬೇರೆ ಬೇರೆ ಕಚೇರಿಗಳ ಪಾಲಾದವು. ಎರಡು ರಾಜ್ಯಗಳ ಗಡಿಯ ಕೆರೆಗೆ ದೋಷವಿದೆ ಎಂದ ಪೊರುಮಾಮಿಳ್ಳದ ಶಾಸನಕಾರ ಇದ್ದಿದ್ದರೆ ಎರಡು ಕಚೇರಿಗಳ ಗಡಿಯನ್ನೂ ಆ ಪಟ್ಟಿಗೆ ಸೇರಿಸುತ್ತಿದ್ದನೇನೋ.

ಅದೇ ಹೊತ್ತಿಗೆ ಇನ್ನೆರಡು ಬದಲಾವಣೆ ಬಂದವು. ಚೀಲದಲ್ಲಿ ರಾಸಾಯನಿಕ ಗೊಬ್ಬರ ಬಂದದ್ದರಿಂದ ಗೋಡಿನ ಹಂಗು ತಪ್ಪಿತು. ಕೊಳವೆಬಾವಿ ಬಂದದ್ದರಿಂದ ಕೆರೆಯ ಹಂಗು ತಪ್ಪಿತು. ತನ್ನ ಹೊಲದಲ್ಲೇ ನೀರು ಎತ್ತಬಲ್ಲವನಿಗೆ ಊರ ಏರಿಯ ಚಿಂತೆ ಏಕೆ? ಗೋಡು ಇಟ್ಟಿಗೆ ಗೂಡುಗಳ ಪಾಲಾಯಿತು. ಎತ್ತದೆ ಉಳಿದ ಹೂಳಿನ ಮೇಲೆ ಜಾಲಿ ಬೆಳೆಯಿತು, ಅಂಚಿನಲ್ಲಿ ಒತ್ತುವರಿ ನಡೆಯಿತು. ನೀರು ಇಂಗಿಸುವ ಕೆರೆ ಸೊರಗಿದಂತೆ ಕೊಳವೆಬಾವಿಗಳೂ ಬತ್ತಿದವು; ಕೋಲಾರ ಸೀಮೆಯಲ್ಲಿ ಸಾವಿರ ಅಡಿಗೂ ಆಳಕ್ಕೆ ಕೊರೆಯುವ ಸ್ಥಿತಿ ಬಂತು. ಹಂಗು ತಪ್ಪಿತು ಎಂದುಕೊಂಡದ್ದು ಬರೀ ಭ್ರಮೆಯಾಗಿತ್ತು.

ಮರಳಿ ಕಟ್ಟುವ ಯತ್ನ

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲ ಸಂವರ್ಧನ ಯೋಜನಾ ಸಂಘದ ಮೂಲಕ ಕೆರೆಗಳ ಪುನರುಜ್ಜೀವನದ ಯೋಜನೆ ಆರಂಭವಾಯಿತು. ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳಾದವು. ರೈತರು ವೆಚ್ಚದ ಒಂದು ಪಾಲನ್ನು ಹಣವಾಗಿಯೋ ಶ್ರಮವಾಗಿಯೋ ಕೊಡಬೇಕೆಂಬ ನಿಯಮವಾಯಿತು. 2005ರ ಉದ್ಯೋಗ ಖಾತರಿ ಕಾಯಿದೆಯಡಿಯೂ ಹೂಳೆತ್ತುವ ಕೆಲಸ ನಡೆಯಿತು. ಬಿಟ್ಟಿಯಾಗಿ ಹೊರಿಸುತ್ತಿದ್ದ ಬುಟ್ಟಿಗೆ ಕಾನೂನುಬದ್ಧ ಕೂಲಿ ನಿಗದಿಯಾದದ್ದು ಸಣ್ಣ ಸಂಗತಿಯಲ್ಲ.

ಈ ಯತ್ನಗಳು ಕಲಿಸಿದ ಪಾಠವೂ ಇದೆ. ಹೂಳಿಗೆ ಬೆಲೆಯಿಲ್ಲ, ಸಾಗಣೆಗೆ ಬೆಲೆ. ಜೆಸಿಬಿ ಯಂತ್ರ ಹಗಲು ರಾತ್ರಿ ಅಗೆದು ಕೊಟ್ಟರೂ ಟ್ರ್ಯಾಕ್ಟರ್ ಉಳ್ಳವನ ಹೊಲಕ್ಕೆ ಗೋಡು ಸುಲಭವಾಗಿ ಹೋಗುತ್ತದೆ. ಎರಡೆಕರೆ ಖುಷ್ಕಿಯವನು ಬಾಡಿಗೆ ಕೊಡಲಾಗದೆ ನೋಡುತ್ತ ನಿಲ್ಲುತ್ತಾನೆ. ಮಣ್ಣು ಅತಿ ಬಡವಾಗಿರುವುದು ಅವನ ಹೊಲದಲ್ಲೇ. ಇನ್ನು ಮೇಲಿನ ಗುಡ್ಡ, ಗೋಮಾಳಗಳಲ್ಲಿ ಬದು, ಹುಲ್ಲು, ಮರ ಇಲ್ಲದಿದ್ದರೆ ಎತ್ತಿದ ಹೂಳು ಕೆಲವೇ ವರ್ಷಗಳಲ್ಲಿ ಮತ್ತೆ ಬಂದು ಕೂರುತ್ತದೆ. ಸಂಘ ಕಟ್ಟಿ, ಒಮ್ಮೆ ಹೂಳೆತ್ತಿ, ಫಲಕ ನೆಟ್ಟು ಹೋದರೆ ಕೆಲಸ ಮುಗಿಯುವುದಿಲ್ಲ. ಬಂಡಿಗೆಂದು ಕಾಯಂ ದತ್ತಿ ಬಿಟ್ಟವರಿಗೆ ಇದು ಗೊತ್ತಿತ್ತು.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದೆ. ಬತ್ತಿದ ಕೆರೆಗಳು ತುಂಬಿದ್ದು ಅನೇಕರಿಗೆ ಸಮಾಧಾನ ತಂದಿದೆ. ಆ ನೀರಿನ ಗುಣದ ಬಗ್ಗೆ ಆತಂಕವೂ ವ್ಯಕ್ತವಾಗಿದೆ. ಅದೇನೇ ಇರಲಿ, ಕೊಳವೆಯಲ್ಲಿ ನೀರು ತರಬಹುದೇ ಹೊರತು ಹೊಲದ ಮಣ್ಣನ್ನು ತರಲಾಗದು. ಬೇಸಿಗೆಯಲ್ಲೂ ಬತ್ತದ ಕೆರೆಯಲ್ಲಿ ಗೋಡು ಎತ್ತುವುದು ಹೇಗೆ ಎಂಬ ಹೊಸ ಪ್ರಶ್ನೆಯೂ ಇದರಿಂದ ಹುಟ್ಟಿದೆ.

ಹಳೆಯ ಊರು ಮರಳಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಅದು ಅರಿತಿದ್ದ ಒಂದು ಲೆಕ್ಕ ಇಂದಿಗೂ ಹುಸಿಯಾಗಿಲ್ಲ: ಹೊಲದಿಂದ ಹೋದದ್ದು ಹೊಲಕ್ಕೆ ಬರಬೇಕು, ಅದನ್ನು ತರುವುದು ಒಬ್ಬನಿಂದಾಗದು. ಆ ಕೆಲಸವನ್ನು ಜಾತಿಯ ಕಟ್ಟಿನಿಂದ, ಬಿಟ್ಟಿಯಿಂದ ಮಾಡಿಸಿಕೊಂಡ ಕಾಲ ಮುಗಿದಿದೆ. ನ್ಯಾಯವಾದ ಕೂಲಿ, ಸಮನಾದ ಪಾಲು ಕೊಟ್ಟು ಅದನ್ನೇ ಮಾಡುವ ಊರನ್ನು ಕಟ್ಟುವುದು ಇನ್ನೂ ಬಾಕಿ ಇದೆ.