ಕಡತ ಉಳೀತು, ಮಾಡೋ ಕೈ ಹೋಯ್ತು: ನಮಗೊಂದು ಓಡುವ ಪೇಪರ್ ಮಿಲ್ ಮ್ಯೂಸಿಯಂ ಯಾಕೆ ಬೇಕು?

ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಒಂದು ಸಲ ಪಹಣಿ, ಖಾತೆ ಅಂತ ಸರ್ಕಾರಿ ಕಚೇರಿಗೆ ಓಡಾಡಿದವರಿಗೆಲ್ಲ ಒಂದು ಪದ ಚೆನ್ನಾಗಿ ಗೊತ್ತು: ಕಡತ. ‘ನಿಮ್ಮ ಕಡತ ಇನ್ನೂ ಮೇಲಿಂದ ಬಂದಿಲ್ಲ.’ ಇವತ್ತು ಕಡತ ಅಂದ್ರೆ ದಾರ ಕಟ್ಟಿದ ಪೇಪರ್ ಫೈಲು. ಆದ್ರೆ ಆ ಪದ ಹಳೇ ಕಾಲದಲ್ಲಿ ಹೇಳ್ತಿದ್ದ ವಸ್ತುವಿನಲ್ಲಿ ಒಂದು ಹಾಳೆ ಕಾಗದವೂ ಇರಲಿಲ್ಲ.

ಹಳೇ ಕಡತ ಅಂದ್ರೆ ಬಟ್ಟೆ. ಹತ್ತಿ ಬಟ್ಟೆಯ ಎರಡೂ ಬದಿಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಕಲಸಿ ಬಳೀತಿದ್ರು. ಒಣಗಿದ ಮೇಲೆ ಕಪ್ಪು ಹಲಗೆ ಥರ ಆಗ್ತಿತ್ತು. ಅದರ ಮೇಲೆ ಬಳಪದಲ್ಲಿ ಬರೆದು, ಹಿಂದೆ ಮುಂದೆ ಮಡಚಿ ಇಡ್ತಿದ್ರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ಇತಿಹಾಸದ ಪುಸ್ತಕದಲ್ಲಿ ಇದರ ಅಳತೆ ಕೊಟ್ಟಿದ್ದಾನೆ: ಅಗಲ 8ರಿಂದ 12 ಇಂಚು, ಉದ್ದ 12ರಿಂದ 18 ಅಡಿ. ಲೆಕ್ಕ, ದಾಖಲೆ ಎಲ್ಲ ಇದರಲ್ಲೇ. ಅಳಿಸಬಹುದು, ಮತ್ತೆ ಮಸಿ ಬಳಿದು ಹೊಸದಾಗಿ ಬರೀಬಹುದು.

ಆಮೇಲೆ ಕಾಗದ ಅಗ್ಗ ಆಯ್ತು. ಕಡತ ಅನ್ನೋ ಪದ ಉಳ್ಕೊಂಡ್ತು. ಅದನ್ನ ಮಾಡೋಕೆ ಬರ್ತಿದ್ದವರು ಸದ್ದಿಲ್ಲದೆ ಹೋಗ್ಬಿಟ್ರು. ಹಳೇ ಕಡತಗಳು ಅಲ್ಲಲ್ಲಿ ಸಂಗ್ರಹಗಳಲ್ಲಿ ಸಿಗ್ತವೆ, ಸರಿ. ಆದ್ರೆ ಅಂಟು ಎಷ್ಟು ಗಟ್ಟಿ ಇರ್ಬೇಕು, ಎಷ್ಟು ಸಲ ಬಳೀಬೇಕು ಅನ್ನೋದನ್ನ ಗಾಜಿನ ಪೆಟ್ಟಿಗೆ ಹೇಳಿಕೊಡಲ್ಲ.

ಇವತ್ತಿನ ಎಪಿಸೋಡಿನ ವಿಷಯ ಇದೇ. ವಸ್ತು ಉಳಿಸೋದು ಬೇರೆ, ಅದನ್ನ ಮಾಡುವ ವಿದ್ಯೆ ಉಳಿಸೋದು ಬೇರೆ. ಈಗ ಅದೇ ಸರದಿ ಕಾಗದಕ್ಕೂ ಬಂದಿದೆ.

ಯೂರೋಪಿನಲ್ಲಿ ಇದಕ್ಕೊಂದು ದಾರಿ ಹುಡುಕಿದ್ದಾರೆ: ಹಳೇ ಪೇಪರ್ ಮಿಲ್ಲನ್ನೇ ಓಡುವ ಮ್ಯೂಸಿಯಂ ಮಾಡೋದು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನೀರಿನ ಚಕ್ರ ಇವತ್ತೂ ತಿರುಗುತ್ತೆ, ಹೋದವರು ತಾವೇ ತೊಟ್ಟಿಯಿಂದ ಹಾಳೆ ಎತ್ತಬಹುದು. ಫ್ರಾನ್ಸಿನ ಆಂಬೇರ್ ಹತ್ತಿರದ ರಿಶಾರ್ ದ ಬಾ ಮಿಲ್ಲಿನಲ್ಲಿ ಈಗಲೂ ಕೈಯಿಂದ ಕಾಗದ ಮಾಡಿ ಮಾರ್ತಾರೆ.

ಇಂಗ್ಲೆಂಡಿನ ಫ್ರಾಗ್‌ಮೋರ್ ಮಿಲ್ ಕಥೆ ನನ್ನಂಥ ಬಿಕಾಂ ಓದಿದವರಿಗೆ ಇನ್ನೂ ಇಷ್ಟ ಆಗುತ್ತೆ. 1799ರಲ್ಲಿ ಲೂಯಿ ರಾಬರ್ ಅನ್ನೋ ಫ್ರೆಂಚ್ ಮನುಷ್ಯ ಒಂದು ಯಂತ್ರಕ್ಕೆ ಪೇಟೆಂಟ್ ತಗೊಂಡ. ಒಂದೊಂದೇ ಹಾಳೆ ಎತ್ತೋ ಬದಲು, ಓಡುವ ಜಾಲರಿ ಮೇಲೆ ನಾರು ಕಲಸಿದ ನೀರು ಸುರಿದು ಉದ್ದಕ್ಕೆ ಕಾಗದ ಎಳೆಯೋ ಯಂತ್ರ. ಅದನ್ನ ಸುಧಾರಿಸಿ 1803ರಲ್ಲಿ ಫ್ರಾಗ್‌ಮೋರ್‌ನಲ್ಲಿ ಓಡಿಸಿದ್ರು. ದುಡ್ಡು ಹಾಕಿದ್ದು ಫೋರ್ಡ್ರಿನಿಯರ್ ಅಣ್ಣತಮ್ಮಂದಿರು. 1810ರಲ್ಲಿ ಅವರು ದಿವಾಳಿಯಾದ್ರು. ಅವರ ಹೆಸರು ಮಾತ್ರ ಇವತ್ತಿಗೂ ಆ ಥರದ ಯಂತ್ರಕ್ಕೆ ಅಂಟ್ಕೊಂಡಿದೆ. ಫ್ರಾಗ್‌ಮೋರ್ ಕೂಡ ಮ್ಯೂಸಿಯಂ ಆಗಿದೆ.

ಸರಿ, ನಮ್ಮ ಕಡೆಗೆ ಬರೋಣ. ಗುಂಡ್ಲುಪೇಟೆಯಿಂದ ಮೈಸೂರು ಕಡೆ ಹೊರಟ್ರೆ ನಂಜನಗೂಡಲ್ಲಿ ಒಂದು ಪೇಪರ್ ಮಿಲ್ ಇದೆ, ರದ್ದಿ ಪೇಪರೇ ಅದರ ಮುಖ್ಯ ಕಚ್ಚಾವಸ್ತು. ಮೈಸೂರಲ್ಲಿ ನೋಟಿನ ಕಾಗದ ಮಾಡೋ ಮಿಲ್ ಇದೆ, ಅಲ್ಲಿ ನಮ್ಮನ್ನೆಲ್ಲ ಗೇಟ್ ಹತ್ರವೂ ಬಿಡಲ್ಲ ಬಿಡಿ. ಎರಡೂ ನಡೀತಿರೋ ಕಾರ್ಖಾನೆ. ಮ್ಯೂಸಿಯಂ ಆಗಬಹುದಾದ್ದು ಬೇರೊಂದಿದೆ: ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್, ಅಂದ್ರೆ ಎಂಪಿಎಂ.

1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಶುರುವಾದ ಕಂಪನಿ. ಭದ್ರಾ ನದಿ ನೀರು, ಕಾಡಿನ ಬಿದಿರು, ಆಮೇಲೆ ಕಬ್ಬಿನ ಸಿಪ್ಪೆ. 1977ರಲ್ಲಿ ಸರ್ಕಾರಿ ಕಂಪನಿ ಆಯ್ತು. ಪತ್ರಿಕೆ ಮುದ್ರಿಸೋ ಕಾಗದವನ್ನೇ ವರ್ಷಕ್ಕೆ 75,000 ಟನ್ ಮಾಡೋ ಸಾಮರ್ಥ್ಯ ಬಂತು. ನಮ್ಮ ಅಪ್ಪಂದಿರು ಟೀ ಅಂಗಡಿಯಲ್ಲಿ ಓದ್ತಿದ್ದ ಪೇಪರಿನ ಕಾಗದ ಅಲ್ಲಿಂದ ಬಂದಿದ್ರೂ ಬಂದಿರಬಹುದು. 2015ರಲ್ಲಿ ಉತ್ಪಾದನೆ ನಿಂತ್ಹೋಯ್ತು. ಮಿಲ್ಲನ್ನ ಖಾಸಗಿಯವರಿಗೆ ಗುತ್ತಿಗೆ ಕೊಡೋಕೆ ಸರ್ಕಾರ ಟೆಂಡರ್ ಕೂಡ ಕರೀತು.

ಈಗ ಒಂದು ಪ್ರಶ್ನೆ. ಇದನ್ನ ಮ್ಯೂಸಿಯಂ ಮಾಡಿದ್ರೆ ಒಳಗೆ ಏನು ಹೇಳ್ತೀವಿ? ಮಹಾರಾಜರ ಫೋಟೋಗೆ ಹಾರ ಹಾಕಿ, ಯಂತ್ರಕ್ಕೆ ಪೇಂಟ್ ಹೊಡೆದ್ರೆ ಅರ್ಧ ಕಥೆ ಆಗುತ್ತೆ. ಇನ್ನರ್ಧ ಕಾಡಲ್ಲಿದೆ.

ಮೇದರ ಬೀದಿ ಅಂದ್ರೆ ನಿಮಗೆ ಗೊತ್ತು. ಮೊರ, ಮಂಕರಿ, ತಟ್ಟಿ. ಅವರಿಗೂ ಬಿದಿರೇ ಬೇಕು, ಮಿಲ್ಲಿಗೂ ಬಿದಿರೇ ಬೇಕು. ಉತ್ತರ ಕನ್ನಡದ ದಾಂಡೇಲಿಯ ಮಿಲ್ಲಿಗೆ ಸರ್ಕಾರ ಬಿದಿರನ್ನ ಟನ್ನಿಗೆ ಒಂದೂವರೆ ರೂಪಾಯಿಗೆ ಕೊಡ್ತಿತ್ತು, ಆಗ ಮಾರುಕಟ್ಟೆಯಲ್ಲಿ ಅದೇ ಟನ್ನಿಗೆ ಸಾವಿರ ರೂಪಾಯಿಗೂ ಜಾಸ್ತಿ ಇತ್ತು ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಲೆಕ್ಕಪತ್ರ ಓದಿದವನಾಗಿ ಹೇಳ್ತೀನಿ, ಆ ವ್ಯತ್ಯಾಸ ಎಲ್ಲೂ ಮಾಯ ಆಗಲ್ಲ. ಮಿಲ್ಲಿನ ಪುಸ್ತಕದಲ್ಲಿ ಲಾಭ ಅಂತ ಕಾಣುತ್ತೆ, ಮೇದರ ಮನೆಯಲ್ಲಿ ಸಾಲ ಅಂತ ಕಾಣುತ್ತೆ.

ಬಿದಿರು ಕಡಿಮೆ ಆಗ್ತಿದೆ ಅಂತ ಬುಟ್ಟಿ ಹೆಣೆಯೋರು ದೂರು ಕೊಟ್ಟ ಮೇಲೆ, 1970ರ ದಶಕದಲ್ಲಿ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿಗಳು ಕಾಡಲ್ಲಿ ಅಧ್ಯಯನ ಮಾಡಿದ್ರು. ಮೆಳೆ ಚೆನ್ನಾಗಿ ಬೆಳೀಲಿ ಅಂತ ಬುಡದ ಮುಳ್ಳನ್ನ ಸವರಿಸಿ ಹಾಕ್ತಿದ್ರು. ಆದ್ರೆ ಕಳಲೆಯನ್ನ ದನಕರು, ಕಾಡುಪ್ರಾಣಿಗಳಿಂದ ಕಾಯ್ತಿದ್ದದ್ದೇ ಆ ಮುಳ್ಳು! ಮುಳ್ಳು ಹೋದ್ಮೇಲೆ ಕಳಲೆ ಮೇವಾಯ್ತು, ಹೊಸ ಬಿದಿರು ಬರಲಿಲ್ಲ. ಹಳ್ಳಿಯವರು ಇದನ್ನ ಮೊದಲೇ ಹೇಳಿದ್ರು. ಅಧ್ಯಯನದಲ್ಲೂ ಅದೇ ಬಂತು.

ಎಂಪಿಎಂ ಲೆಕ್ಕವೂ ಕಾರ್ಖಾನೆ ಕಾಂಪೌಂಡಿನಲ್ಲಿ ಮುಗಿಯಲ್ಲ. ಅದಕ್ಕೆ 1980ರಲ್ಲಿ ನೆಡುತೋಪಿಗೆ ಅಂತ ಮಲೆನಾಡಿನ ಅರಣ್ಯಭೂಮಿಯನ್ನ 40 ವರ್ಷದ ಗುತ್ತಿಗೆಗೆ ಕೊಟ್ಟಿದ್ರು. ಅಕೇಶಿಯಾ, ನೀಲಗಿರಿ ಬೆಳೆದವು. 2020ರಲ್ಲಿ, ಮಿಲ್ಲೇ ನಿಂತಿದ್ದರೂ, ಗುತ್ತಿಗೆ ನವೀಕರಣ ಆಯ್ತು. ಮಲೆನಾಡಿನ ಜನ ಅದರ ವಿರುದ್ಧ ಹೋರಾಟ ಮಾಡಿದ್ರು.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಇಡೀ ಮಿಲ್ ಬೇಡ. ಸಣ್ಣ ಅಳತೆಯ ಒಂದೇ ಒಂದು ಯಂತ್ರ ಓಡಲಿ, ಒಂದು ತೊಟ್ಟಿ ಇರಲಿ, ಮಕ್ಕಳು ಬಂದು ಹಾಳೆ ಎತ್ತಲಿ. ತೋರಿಸೋಕೆ ಅಲ್ಲಿ ಕೆಲಸ ಮಾಡಿದವರೇ ಇರಲಿ, ಸಂಬಳಕ್ಕೆ. ಜಾಲರಿ ಮೇಲೆ ಬೀಳೋ ನೀರಲ್ಲಿ ನೂರಕ್ಕೆ ಒಂದು ಪಾಲು ನಾರೂ ಇರಲ್ಲ. ಅದು ಹರಿಯದ ಹಾಳೆ ಆಗೋ ಹದ ಅವರ ಕಣ್ಣಿಗೆ, ಕಿವಿಗೆ ಗೊತ್ತು. ಅವರಿಗೆ ವಯಸ್ಸಾಗ್ತಾ ಇದೆ. ಅದೇ ಶೆಡ್ಡಿನಲ್ಲಿ ಮೇದರ ಮಂಕರಿಯೂ ಇರಲಿ, ಒಂದೂವರೆ ರೂಪಾಯಿ ಲೆಕ್ಕವೂ ಗೋಡೆ ಮೇಲೆ ಇರಲಿ. ಒಂದು ಮೂಲೆಯಲ್ಲಿ ಹುಣಸೆಬೀಜ, ಇದ್ದಿಲು ಇಟ್ಟು ಕಡತವನ್ನೂ ಮಾಡಿ ನೋಡೋಣ.

ನಮ್ಮ ಕಡೆ ಹುಣಸೆಮರಕ್ಕೇನೂ ಬರ ಇಲ್ಲ. ನಿಮ್ಮ ಮನೆ ಅಟ್ಟದಲ್ಲಿ ಕಪ್ಪಗೆ ಮಡಚಿದ ಹಳೇ ಬಟ್ಟೆ ಸಿಕ್ಕಿದ್ರೆ ದಯವಿಟ್ಟು ಒಗೀಬೇಡಿ. ಬಿಸಿಲಿಗೆ ಹಿಡಿದು ನೋಡಿ, ಬಳಪದ ಅಕ್ಷರ ಇರಬಹುದು. ಮುಂದಿನ ವಾರ ಸಿಗೋಣ.