ಎರಡೆಲೆ ಗೆದ್ದ ಕಥೆ

ಕುಡಚಿಯ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾದು ಕುಳಿತವರ ಕಿವಿಗೆ ಕನ್ನಡ, ಮರಾಠಿ, ಉರ್ದು ಮೂರೂ ಒಟ್ಟಿಗೆ ಬೀಳುತ್ತವೆ. ಮಿರಜೆಯಿಂದ ಹೊರಟು ಕೃಷ್ಣೆಯನ್ನು ದಾಟಿ ಬರುವ ಹಳಿಯು ಬೆಳಗಾವಿ, ಲೋಂಡಾಗಳ ಮೇಲೆ ಹಾಯ್ದು ಗೋವೆಗೆ ಇಳಿಯುತ್ತದೆ. ಆ ತುದಿಯಲ್ಲಿ 1967ರ ಜನವರಿ 16ರಂದು ನಡೆದ ಜನಮತಗಣನೆಯು ಗಡಿನಾಡಿನವರಾದ ನಾವು ನೆನೆಯತಕ್ಕ ಸಂಗತಿ.

1961ರ ಡಿಸೆಂಬರಿನಲ್ಲಿ ಪೋರ್ತುಗೀಜರಿಂದ ಬಿಡುಗಡೆ ಹೊಂದಿದ ಗೋವೆಯು ಮಹಾರಾಷ್ಟ್ರದಲ್ಲಿ ಸೇರಬೇಕೇ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಬೇಕೇ? 1963ರ ಚುನಾವಣೆಯಲ್ಲಿ ಗೆದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷವು ವಿಲೀನವನ್ನು ಬಯಸಿತು. ಜ್ಯಾಕ್ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಕ್ಷವಾದರೋ, ಇದು ಶಾಸಕರು ಕೈಯೆತ್ತಿ ತೀರ್ಮಾನಿಸುವ ಮಾತಲ್ಲ, ಜನರನ್ನೇ ಕೇಳಬೇಕೆಂದು ಹಟ ಹಿಡಿಯಿತು. 1966ರಲ್ಲಿ ಸಂಸತ್ತು ಅದಕ್ಕಾಗಿಯೇ ಕಾಯಿದೆ ಮಾಡಿತು. ಮತದಾನವು ನಿಷ್ಪಕ್ಷಪಾತವಾಗಿ ನಡೆಯಲೆಂದು ಮುಖ್ಯಮಂತ್ರಿ ದಯಾನಂದ ಬಾಂದೋಡಕರರು ಅಧಿಕಾರದಿಂದ ಇಳಿದರು. ವಿಲೀನಕ್ಕೆ ಹೂವು, ಪ್ರತ್ಯೇಕತೆಗೆ ಎರಡೆಲೆ ಗುರುತುಗಳಾಗಿದ್ದವು. ಎರಡೆಲೆಗೆ 1,72,191, ಹೂವಿಗೆ 1,38,170 ಮತಗಳು ದೊರೆತವು.

ಕೌತುಕವಿರುವುದು ಮುಂದೆ. ಅದೇ ಮಾರ್ಚಿನಲ್ಲಿ ವಿಧಾನಸಭೆಗೆ ಚುನಾವಣೆ ನಡೆದಾಗ ಗೆದ್ದುದು ಬಾಂದೋಡಕರರ ಪಕ್ಷವೇ! ಅವರ ಆಡಳಿತ ಬೇಕು, ವಿಲೀನ ಬೇಡ ಎಂಬುದು ಗೋವೆಯ ತೀರ್ಪಾಗಿದ್ದಿತು. ಪಕ್ಷಕ್ಕೆ ಕೊಟ್ಟ ಮತವನ್ನೇ ಅದರ ಎಲ್ಲ ಮಾತಿಗೂ ಕೊಟ್ಟ ಒಪ್ಪಿಗೆಯೆಂದು ತಿಳಿಯಕೂಡದೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಅದೇ ಕಾಲಕ್ಕೆ ನಮ್ಮ ಬೆಳಗಾವಿ ಸೀಮೆಯ ಪ್ರಶ್ನೆಯು ಮಹಾಜನ ಆಯೋಗದ ಮುಂದೆ ಇದ್ದಿತು. 1967ರ ಆಗಸ್ಟಿನಲ್ಲಿ ವರದಿ ಬಂದಿತು: ಬೆಳಗಾವಿ ಮೈಸೂರಿನಲ್ಲಿಯೇ ಉಳಿಯಲಿ, ಕಾಸರಗೋಡು ಮೈಸೂರಿಗೆ ಬರಲಿ, ನಿಪ್ಪಾಣಿ, ಖಾನಾಪುರಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದು. ಮಹಾರಾಷ್ಟ್ರವು ಅದನ್ನು ಒಪ್ಪಲಿಲ್ಲ; 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಮನವಿಗಳು ಬಂದವು, ವಾದಗಳು ನಡೆದವು. ಮತಪೆಟ್ಟಿಗೆ ಮಾತ್ರ ಬರಲಿಲ್ಲ.

ಬರಬೇಕಾಗಿದ್ದಿತೇ? ಗಡಿನಾಡಿನವನಾದ ನಾನು ಥಟ್ಟನೆ ಹೌದೆನ್ನಲಾರೆ. ಗೋವೆಯ ಗೆಲುವಿನ ಅಂತರ 34,021; ಆದರೆ ಸೋತವರು ಒಂದು ಲಕ್ಷಕ್ಕೂ ಮೇಲ್ಪಟ್ಟವರು. ಒಂದೇ ಓಣಿಯಲ್ಲಿ ಮನೆಯಿಂದ ಮನೆಗೆ ಮಾತು ಬದಲಾಗುವ ಊರಿನಲ್ಲಿ ಮತ ಎಣಿಸಿದರೆ ನೆರೆಯವನೇ ಸೋತವನಾಗುತ್ತಾನೆ. ಜನರನ್ನು ಕೇಳುವುದು ದೊಡ್ಡ ಮಾತು, ನಿಜ. ಕೇಳಿದ ಮೇಲೆ ಸೋತವನೊಡನೆ ಅದೇ ಬಾವಿಯ ನೀರು ಸೇದುವುದು ಅದಕ್ಕಿಂತ ದೊಡ್ಡದು. 1987ರಲ್ಲಿ ಗೋವೆ ರಾಜ್ಯವಾದಾಗ ಹೂವಿನವರೂ ಎರಡೆಲೆಯವರೂ ಅದರ ಪ್ರಜೆಗಳೇ ಆಗಿದ್ದರು.